ಅಡಿಟಿಪ್ಪಣಿ ಯಾವ ವಾಕ್ಯದ್ದು?

ವಿಕಿಪೀಡಿಯದಲ್ಲಿ ಬರೆಯೋಕೆ ಶುರು ಮಾಡಿದಾಗ ನಾನು ಲೇಖನ ಪೂರ್ತಿ ಬರೆದು, ಆಮೇಲೆ ಉಲ್ಲೇಖ ಹುಡುಕುತ್ತಿದ್ದೆ. ಯಾವ ಮಾತು ಎಲ್ಲಿ ಓದಿದ್ದು ಅಂತ ನೆನಪೇ ಆಗುತ್ತಿರಲಿಲ್ಲ. ಸಿಕ್ಕ ಮೂರ್ನಾಲ್ಕು ಮೂಲಗಳನ್ನು ಪ್ಯಾರಾದ ಕೊನೆಯಲ್ಲಿ ಸಾಲಾಗಿ ಇಟ್ಟುಬಿಡುತ್ತಿದ್ದೆ. ಸ್ವಲ್ಪ ದಿನ ಕಳೆದು ಯಾರೋ ಅದೇ ಪ್ಯಾರಾದ ನಡುವೆ ಎರಡು ವಾಕ್ಯ ಸೇರಿಸಿದರು. ನೋಡಿದರೆ ನನ್ನ ಅಡಿಟಿಪ್ಪಣಿಗಳೇ ಅವರ ಮಾತಿಗೂ ಆಧಾರ ಅನ್ನುವ ಹಾಗೆ ಕಾಣುತ್ತಿತ್ತು, ಆದರೆ ಆ ಪುಸ್ತಕಗಳಲ್ಲಿ ಆ ವಿಷಯದ ಸುಳಿವೂ ಇರಲಿಲ್ಲ. ನಂಬಿ ಓದುವವರಿಗೆ ಇದು ಮೋಸ ಅಲ್ವಾ?

ಈಗ ಮೂಲ ಎದುರಿಗೆ ತೆರೆದಿಟ್ಟುಕೊಂಡೇ ಬರೆಯುತ್ತೇನೆ. ವಾಕ್ಯ ಮುಗಿದು ಚುಕ್ಕಿ ಬಿದ್ದ ಕೂಡಲೇ ರೆಫ್ ಟ್ಯಾಗ್, ಅಂದರೆ ನಡುವೆ ಬರೆದ ಮೂಲದ ವಿವರವನ್ನು ಅಡಿಟಿಪ್ಪಣಿ ಮಾಡುವ <ref>…</ref> ಗುರುತು. ಪುಸ್ತಕವಾದರೆ ಪುಟ ಸಂಖ್ಯೆ ಹಾಕಲೇಬೇಕು. 400 ಪುಟದ ಪುಸ್ತಕದ ಹೆಸರು ಮಾತ್ರ ಕೊಟ್ಟರೆ ಓದುಗರು ಎಲ್ಲಿ ಅಂತ ಹುಡುಕಬೇಕು?

ವಿಕಿಪೀಡಿಯದ ವಿಶುವಲ್ ಎಡಿಟರ್‌ನಲ್ಲಿ (ಟ್ಯಾಗ್ ಬರೆಯದೆ ಪುಟದ ಮೇಲೇ ತಿದ್ದುವ ಸಾಧನ) ಉಲ್ಲೇಖದ ಬಟನ್ ಒತ್ತಿ ಲಿಂಕನ್ನೋ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯನ್ನೋ ಅಂಟಿಸಿದರೆ ವಿವರ ತಾನಾಗೇ ತುಂಬಿಕೊಳ್ಳುತ್ತದೆ. ತುಂಬಾ ಅನುಕೂಲ. ಆದರೂ ಒಮ್ಮೆ ಕಣ್ಣಾಡಿಸಿ, ಲೇಖಕರ ಜಾಗದಲ್ಲಿ ಜಾಲತಾಣದ ಹೆಸರು ಬಂದು ಕೂತಿರುತ್ತದೆ, ಎಷ್ಟೋ ಸಲ ತಾರೀಕೇ ಇರುವುದಿಲ್ಲ.

ನನಗೆ ಜಾಸ್ತಿ ಗಾಬರಿ ಆಗಿದ್ದು ಒಂದು ಓರೆಗೆರೆಯಿಂದ (/). ಒಂದೇ ಮೂಲವನ್ನು ಐದಾರು ಕಡೆ ಬಳಸುವಾಗ ಮೊದಲ ಸಲ ಅದಕ್ಕೊಂದು ಹೆಸರಿಟ್ಟು ಪೂರ್ತಿ ವಿವರ ಕೊಡುತ್ತೇವೆ, ಮುಂದೆ <ref name="ಹೆಸರು" /> ಅಂತ ಬರೀ ಹೆಸರು ಬರೆದು ಟ್ಯಾಗಿನ ಕೊನೆಗೆ ಓರೆಗೆರೆ ಹಾಕುತ್ತೇವೆ. ಅದನ್ನು ಮರೆತು ಪುಟ ಉಳಿಸಿದೆ. ಎರಡು ಪ್ಯಾರಾ ಮಾಯ! ಅಳಿಸಿಹೋಯಿತು ಅಂದುಕೊಂಡೆ. ಓರೆಗೆರೆ ಇಲ್ಲದ್ದರಿಂದ ಟ್ಯಾಗ್ ಇನ್ನೂ ತೆರೆದೇ ಇದೆ ಅಂತ ಸಾಫ್ಟ್‌ವೇರ್ ತಿಳಿದು, ಮುಂದೆ ಎಲ್ಲಿ ಮುಚ್ಚುವ ಟ್ಯಾಗ್ ಸಿಗುತ್ತದೋ ಅಲ್ಲಿವರೆಗಿನ ಬರಹವನ್ನೆಲ್ಲ ಅಡಿಟಿಪ್ಪಣಿಗೆ ಸೇರಿಸಿಕೊಂಡಿತ್ತು. ಪುಟದಲ್ಲಿ ಕೆಂಪು ಅಕ್ಷರದ ದೋಷ ಸಂದೇಶ ಕಂಡರೆ ಈಗ ಮೊದಲು ಓರೆಗೆರೆ ಬಿಟ್ಟಿದ್ದೇನಾ ಅಂತಲೇ ನೋಡುತ್ತೇನೆ. ಉಳಿಸುವ ಮುಂಚೆ ಮುನ್ನೋಟ ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ.

ಬೇರೆಯವರ ಪ್ಯಾರಾ ತೆಗೆಯುವಾಗಲೂ ಹುಷಾರು. ಪೂರ್ತಿ ವಿವರ ಇರುವ ಹೆಸರಿನ ಉಲ್ಲೇಖ ಅದರಲ್ಲೇ ಇದ್ದರೆ, ಕೆಳಗೆ ಆ ಹೆಸರನ್ನು ನಂಬಿಕೊಂಡ ಟಿಪ್ಪಣಿಗಳೆಲ್ಲ ಖಾಲಿ ಆಗುತ್ತವೆ. ಮೊದಲು ಆ ವಿವರವನ್ನು ಉಳಿದ ಒಂದು ಕಡೆಗೆ ಸಾಗಿಸಿ.

ವೆಬ್ ಲಿಂಕ್ ಕೊಟ್ಟ ದಿನವೇ ಅದನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ವೆಬ್ ಪುಟಗಳ ಪ್ರತಿ ಕಾಪಿಡುವ ತಾಣ) ಉಳಿಸಿ, ಆ ಪ್ರತಿಯ ವಿಳಾಸವನ್ನೂ ಉಲ್ಲೇಖದ ವಿವರ ತುಂಬುವ ಟೆಂಪ್ಲೇಟ್‌ಗೆ ಸೇರಿಸುತ್ತೇನೆ. ಮೂಲ ಪುಟ ಸತ್ತುಹೋದ ಮೇಲೆ ಹುಡುಕಿದರೆ ಕೆಲವಕ್ಕೆ ಪ್ರತಿಯೇ ಸಿಗುವುದಿಲ್ಲ.