ಸೀಟು ಬದಲಿಸುವ ಮೊದಲು ಫುಟ್‌ರೆಸ್ಟ್ ನೋಡಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್. ಅಷ್ಟು ದೂರಕ್ಕೇ ಮೊಣಕಾಲು ಬಿಗಿದುಕೊಂಡಿತು, ಸೊಂಟ ಹಿಡಿಯಿತು ಎನ್ನುವವರು ಮೊದಲು ಬೈಯುವುದು ಬೈಕಿನ ಸೀಟನ್ನು. ಹೊಸ ಫೋಮ್, ಜೆಲ್ ಕವರ್ ಎಂದು ದುಡ್ಡು ಸುರಿದ ಮೇಲೂ ನೋವು ಹಾಗೆಯೇ ಉಳಿಯುತ್ತದೆ. ಸೀಟಿಗೂ ಫುಟ್‌ರೆಸ್ಟ್‌ಗೂ ನಡುವಿನ ಅಂತರ ಸಾಲದೆ ಎತ್ತರದ ಸವಾರನ ಮೊಣಕಾಲು ವಿಪರೀತ ಮಡಚಿಕೊಂಡಿರುವುದೇ ಅನೇಕ ಸಲ ಕಾರಣ. ಫುಟ್‌ರೆಸ್ಟ್ ಇಳಿಸುವುದು ಕಷ್ಟವಲ್ಲ. ಇಳಿಸಿದ ಮೇಲೆ ಬ್ರೇಕ್ ಪೆಡಲನ್ನು ಇದ್ದ ಹಾಗೆಯೇ ಬಿಟ್ಟು ಹೊರಡುತ್ತಾರಲ್ಲ, ಕೆಲಸ ಕೆಡುವುದು ಅಲ್ಲಿ.

ಹಂತ 1: ಸಮತಟ್ಟಾದ ನೆಲದಲ್ಲಿ ಯಾರಾದರೂ ಗಾಡಿ ಹಿಡಿದುಕೊಳ್ಳಲಿ. ದಿನವೂ ತೊಡುವ ಚಪ್ಪಲಿ ಅಥವಾ ಶೂನಲ್ಲೇ ಕುಳಿತು ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಮೊಣಕಾಲಿನ ಕೋನ 90 ಡಿಗ್ರಿಗಿಂತ ಕಿರಿದಾಗಿದ್ದರೆ ಫುಟ್‌ರೆಸ್ಟ್ ಇಳಿಸಬೇಕು. ಗಾಡಿ ಹಿಂದೆಂದಾದರೂ ಬಿದ್ದಿದ್ದರೆ ಫುಟ್‌ರೆಸ್ಟ್ ಬಾಗಿದೆಯೇ ಎಂದು ಎರಡೂ ಬದಿ ಹೋಲಿಸಿ ನೋಡಿ. ಒಂದು ಕಾಲು ಮಾತ್ರ ನೋಯುತ್ತಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಹಂತ 2: ನಿಮ್ಮ ಗಾಡಿಯಲ್ಲಿ ಹೊಂದಿಸುವ ಅವಕಾಶವಿದೆಯೇ ತಿಳಿದುಕೊಳ್ಳಿ. ಕೆಲವು ಗಾಡಿಗಳ ಬ್ರಾಕೆಟ್‌ನಲ್ಲಿ ಬೇರೆ ಬೇರೆ ಎತ್ತರದ ತೂತುಗಳಿರುತ್ತವೆ. ದಿನಬಳಕೆಯ ಅನೇಕ ಗಾಡಿಗಳಲ್ಲಿ ಎಂಜಿನ್ ಕೆಳಗೆ ಬೋಲ್ಟ್ ಹಾಕಿ ಕೂರಿಸಿದ ಒಂದೇ ಕಂಬಿ ಇರುತ್ತದೆ; ಅದಕ್ಕೆ ಆ ಮಾದರಿಗೆಂದೇ ತಯಾರಾದ ಬ್ರಾಕೆಟ್ ಬೇಕು. ಗ್ಯಾಸ್‌ನಲ್ಲಿ ಕಾಯಿಸಿ ಬಗ್ಗಿಸಿಕೊಡುತ್ತೇವೆ, ತುಂಡು ಬೆಸುಗೆ ಹಾಕಿಕೊಡುತ್ತೇವೆ ಎನ್ನುವವರಿಗೆ ಕೈ ಮುಗಿದು ಬನ್ನಿ. ನಿಮ್ಮ ಇಡೀ ಭಾರ ಹೊರುವ ಜಾಗವದು. ಅಗ್ಗದ ಅಲ್ಯೂಮಿನಿಯಂ ಕಿಟ್‌ಗಳನ್ನೂ ನಾನು ಒಪ್ಪುವುದಿಲ್ಲ. ಕೊಳ್ಳುವಾಗ ಫುಟ್‌ರೆಸ್ಟ್ ಮಡಚುವ ಕೀಲನ್ನು ಅಲುಗಾಡಿಸಿ ನೋಡಿ. ಅಂಗಡಿಯಲ್ಲೇ ಸಡಿಲವಿದ್ದದ್ದು ರಸ್ತೆಯಲ್ಲಿ ಬಿಗಿಯಾಗುವುದಿಲ್ಲ. ಮಡಚಿಕೊಳ್ಳದ ಫುಟ್‌ರೆಸ್ಟ್ ಅಂತೂ ಬೇಡವೇ ಬೇಡ. ತಿರುವಿನಲ್ಲಿ ಗಾಡಿ ವಾಲಿ ನೆಲಕ್ಕೆ ತಾಗಿದಾಗ ಅದು ಮೇಲಕ್ಕೆ ಮಡಚಿಕೊಳ್ಳಬೇಕು, ಇಲ್ಲದಿದ್ದರೆ ಹಿಂಚಕ್ರವನ್ನೇ ಎತ್ತಿಬಿಡಬಹುದು. ಅದೇ ಕಾರಣಕ್ಕೆ 20ರಿಂದ 25 ಮಿಲಿಮೀಟರ್‌ಗಿಂತ ಹೆಚ್ಚು ಇಳಿಸಬೇಡಿ.

ಹಂತ 3: ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಸ್ಪ್ರಿಂಗ್ ಹೇಗೆ ಕುಳಿತಿತ್ತೆಂದು ಬಿಚ್ಚುವ ಮೊದಲೇ ಫೋಟೋ ಇರಲಿ. ಕೀಲು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ಕೆಲವೇ ರೂಪಾಯಿಯ ಸಾಮಾನದಲ್ಲಿ ಜಿಪುಣತನ ಬೇಡ.

ಹಂತ 4: ಗೇರ್ ಪೆಡಲನ್ನೂ ಫುಟ್‌ರೆಸ್ಟ್ ಜೊತೆಗೆ ಇಳಿಸಬೇಕು. ಪೆಡಲಿಗೂ ಗೇರ್ ಶಾಫ್ಟ್‌ಗೂ ನಡುವೆ ಸರಳು ಇರುವ ಗಾಡಿಯಲ್ಲಿ ಎರಡೂ ತುದಿಯ ಲಾಕ್‌ನಟ್ ಸಡಿಲಿಸಿ ಸರಳನ್ನು ತಿರುಗಿಸಿದರೆ ಸಾಕು. ಒಂದು ತುದಿಯ ಥ್ರೆಡ್ (ತಿರುಪಿನ ಸುತ್ತು) ಎಡಗೈ ಥ್ರೆಡ್ ಆಗಿರುತ್ತದೆ, ಅಂದರೆ ಆ ನಟ್ ಉಲ್ಟಾ ತಿರುಗುತ್ತದೆ. ಗೊತ್ತಿಲ್ಲದೆ ಜೋರು ಮಾಡಿ ಥ್ರೆಡ್ ತಿಂದುಹಾಕಬೇಡಿ. ಪೆಡಲ್ ನೇರವಾಗಿ ಹಲ್ಲುಗಳ ಶಾಫ್ಟ್ ಮೇಲೆ ಕುಳಿತಿದ್ದರೆ ಬಣ್ಣದಿಂದ ಗುರುತು ಹಾಕಿ, ಬೋಲ್ಟನ್ನು ಪೂರ್ತಿ ಹೊರತೆಗೆದು, ಒಂದು ಹಲ್ಲು ಕೆಳಕ್ಕೆ ಕೂರಿಸಿ. ಮಡಚಿದ ಸೈಡ್ ಸ್ಟ್ಯಾಂಡ್ ಹೊಸ ಫುಟ್‌ರೆಸ್ಟ್‌ಗೆ ತಾಗುತ್ತದೆಯೇ ಎಂದು ಇಲ್ಲೇ ನೋಡಿಬಿಡಿ.

ಹಂತ 5: ಈಗ ಬ್ರೇಕ್ ಪೆಡಲ್. ಫುಟ್‌ರೆಸ್ಟ್ ಕೆಳಗಿಳಿದಾಗ ಪಾದಕ್ಕೆ ಪೆಡಲ್ ಎತ್ತರವಾಗುತ್ತದೆ. ಸವಾರನಿಗೆ ಅರಿವಿಲ್ಲದೆಯೇ ಕಾಲು ಅದರ ಮೇಲೆ ಭಾರ ಹಾಕುತ್ತದೆ. ಬ್ರೇಕ್ ದೀಪ ಸದಾ ಉರಿಯುತ್ತದೆ, ಹಿಂದೆ ಬರುವ ಲಾರಿಯವನಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ತಿಳಿಯುವುದೇ ಇಲ್ಲ, ಲೈನರ್ ಸುಮ್ಮನೆ ಸವೆಯುತ್ತದೆ. ಆದ್ದರಿಂದ ಮೊದಲು ಪೆಡಲಿನ ಎತ್ತರ, ನಂತರ ಸಡಿಲ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಖಾಲಿ ಚಲಿಸುವ ದೂರ), ಕೊನೆಗೆ ದೀಪದ ಸ್ವಿಚ್. ಈ ಕ್ರಮ ತಪ್ಪಿಸಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಪೆಡಲ್ ಮೇಲೇರದಂತೆ ತಡೆಯುವ ಸ್ಟಾಪರ್ ಬೋಲ್ಟ್ ಇದ್ದರೆ ಅದರಿಂದ ಎತ್ತರ ಹೊಂದಿಸಿ. ಪಾದ ಆರಾಮವಾಗಿ ಚಾಚಿದಾಗ ಪೆಡಲ್ ಅಟ್ಟೆಯ ಸ್ವಲ್ಪ ಕೆಳಗಿರಲಿ. ಡ್ರಮ್ ಬ್ರೇಕ್ ಆದರೆ ಹಿಂಚಕ್ರದ ಬಳಿಯ ನಟ್ ತಿರುಗಿಸಿ, ಪೆಡಲಿನ ತುದಿಯಲ್ಲಿ 20ರಿಂದ 30 ಮಿಲಿಮೀಟರ್ ಸಡಿಲ ಬಿಡಿ. ಸಾಮಾನ್ಯ ಗಾಡಿಗಳಿಗೆ ಈ ಅಳತೆ ಸಲ್ಲುತ್ತದೆ, ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಅಂತಿಮ. ನಟ್‌ನ ತಗ್ಗು ಬ್ರೇಕ್ ಆರ್ಮ್‌ನ ಪಿನ್ ಮೇಲೆ ಸರಿಯಾಗಿ ಕೂರಬೇಕು. ಅರ್ಧಂಬರ್ಧ ಕುಳಿತರೆ ಮೊದಲ ಗಟ್ಟಿ ಬ್ರೇಕಿಗೇ ಜಾರಿ ಸಡಿಲ ಹೆಚ್ಚುತ್ತದೆ.

ಡಿಸ್ಕ್ ಬ್ರೇಕ್‌ನಲ್ಲಿ ಇನ್ನೂ ಎಚ್ಚರ ಬೇಕು. ಪೆಡಲ್ ಇಳಿಸಲು, ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್‌ನ ಪುಶ್‌ರಾಡ್ ತಿರುಗಿಸುವವರು ಸಡಿಲವನ್ನೆಲ್ಲ ನುಂಗಿಹಾಕುತ್ತಾರೆ. ಆಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ತಿರುಗಿ ಹೋಗುವ ಕಿಂಡಿ ಮುಚ್ಚಿಕೊಳ್ಳುತ್ತದೆ. ಬಿಸಿಗೆ ಆಯಿಲ್ ಹಿಗ್ಗಿದಂತೆ ಬ್ರೇಕ್ ತಾನಾಗಿಯೇ ಹಿಡಿಯುತ್ತಾ ಹೋಗಿ ಚಕ್ರ ಕಚ್ಚಿಕೊಳ್ಳಬಹುದು. ಗ್ಯಾರೇಜಿನ ನೆರಳಿನಲ್ಲಿ ಸರಿಯಿದ್ದದ್ದು ಹೆದ್ದಾರಿಯ ಬಿಸಿಲಿಗೆ ಕೈಕೊಡುವುದು ಹೀಗೆ. ಪೆಡಲ್ ಒತ್ತಿದಾಗ ಆರಂಭದಲ್ಲಿ ಒಂದಿಷ್ಟು ಖಾಲಿ ಚಲನೆ ಇರಲೇಬೇಕು.

ದೀಪದ ಸ್ವಿಚ್‌ಗೆ ಬಂದಾಗ ಅದರ ಮೈ ಹಿಡಿದುಕೊಂಡು ನಟ್ ಮಾತ್ರ ತಿರುಗಿಸಿ. ಮೈಯನ್ನೇ ತಿರುಗಿಸಿದರೆ ವೈರು ತಿರುಚಿ ಹರಿಯುತ್ತದೆ. ಬ್ರೇಕ್ ಹಿಡಿಯುವ ತುಸು ಮೊದಲು ದೀಪ ಹೊತ್ತಬೇಕು.

ಹಂತ 6: ಹಿಂಚಕ್ರ ನೆಲ ಬಿಡುವಂತೆ ನಿಲ್ಲಿಸಿ ಕೈಯಲ್ಲಿ ತಿರುಗಿಸಿ; ಉಜ್ಜುವ ಸದ್ದು, ತಡೆ ಇರಬಾರದು. ನಂತರ ಖಾಲಿ ರಸ್ತೆಯಲ್ಲಿ ಹಿಂಬ್ರೇಕ್ ಮುಟ್ಟದೆ ಒಂದೆರಡು ಕಿಲೋಮೀಟರ್ ಹೋಗಿ ಬಂದು ಡ್ರಮ್ ಅಥವಾ ಡಿಸ್ಕ್ ಮೇಲೆ ನೀರು ಚಿಮುಕಿಸಿ. ಚುರ್ ಎಂದರೆ ಬ್ರೇಕ್ ಹಿಡಿಯುತ್ತಿದೆ, ಐದನೇ ಹಂತಕ್ಕೆ ಮರಳಿ. ಬಿರುಸಾದ ತಿರುವು, ರಸ್ತೆ ಉಬ್ಬುಗಳಲ್ಲಿ ಮೊದಲ ಕೆಲವು ದಿನ ನಿಧಾನ. ಹಳೆಯ ಅಂದಾಜು ಇನ್ನು ಸಲ್ಲದು. ಅಷ್ಟರಲ್ಲಿ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ಜಾಗ ಸಾಲದೆಂದು ಹಿಂಬದಿ ಸವಾರರ ಫುಟ್‌ರೆಸ್ಟ್ ಕಿತ್ತುಹಾಕುವ ಅಭ್ಯಾಸ ಕೆಲವು ಮೆಕ್ಯಾನಿಕ್‌ಗಳಿಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮದ ಪ್ರಕಾರ ಅದು ಇರಲೇಬೇಕು. ತೆಗೆದ ಹಳೆಯ ಬ್ರಾಕೆಟ್, ಬೋಲ್ಟ್‌ಗಳನ್ನು ಗುಜರಿಗೆ ಹಾಕಬೇಡಿ. ನಾಳೆ ಗಾಡಿ ಕೊಳ್ಳುವವರ ಕಾಲಿನ ಅಳತೆ ನಿಮ್ಮದೇ ಆಗಿರಬೇಕೆಂದೇನೂ ಇಲ್ಲ.