ನಾಯಕನ ತೋಳುಪಟ್ಟಿಯೂ ಕೋಚ್‌ನ ಹೊಸ ಆಟವೂ: ವಾದ ಮಾಡುವ ಕ್ರಮ

ಖಾಲಿದ್ ಜಮೀಲ್ ಭಾರತ ಫುಟ್ಬಾಲ್ ತಂಡದ ಕೋಚ್ ಆದದ್ದು 2025ರ ಆಗಸ್ಟ್ 1ರಂದು. ಎರಡು ದಿನ ಕಳೆದರೆ ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುವ ಕಕ್ಕಡ ಹದಿನೆಂಟು. ಭಾವನ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸಕ್ಕೆ ಕುಳಿತಿದ್ದೆವು. ಅದೇ ದಿನ, ಬಹುಕಾಲ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಗೆ ನಲವತ್ತೊಂದು ತುಂಬಿತ್ತು. "ಇನ್ನು ನಾಯಕ ಯಾರಾಗಬೇಕು ಭಾವ?" ಎಂದು ನಾನು ಕೇಳಿದ್ದೇ ತಪ್ಪಾಯಿತು. ಪಾಯಸ ಆರಿತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ರಾತ್ರಿ ಹತ್ತರವರೆಗೆ ಕೂಗಾಡಿದೆವು. ಮರುದಿನ ಯೋಚಿಸಿ ನೋಡಿದರೆ, ಇಬ್ಬರೂ ಒಂದೇ ಒಂದು ಹೊಸ ಮಾತು ಆಡಿರಲಿಲ್ಲ.

ಹಾಕಿಯ ಜಿಲ್ಲೆಯಲ್ಲಿ ಫುಟ್ಬಾಲಿಗೆ ಇಷ್ಟು ಗಂಟಲು ಏಕೆ ಎಂದು ಹೊರಗಿನವರು ಕೇಳಬಹುದು. ಸುಂಟಿಕೊಪ್ಪದವರು ಕೇಳುವುದಿಲ್ಲ. ನಮ್ಮ ಈ ಊರಿನಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ಪಂದ್ಯಾವಳಿ ಬಂತೆಂದರೆ ಮೈದಾನದ ಸುತ್ತ ಕೊಡೆ ಬಿಚ್ಚಲು ಜಾಗವಿರುವುದಿಲ್ಲ. ಹಾಗಾಗಿ ವಾದ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಗೆ ಮಾಡಬೇಕು ಎಂದು ಮಾತ್ರ ಹೇಳುತ್ತೇನೆ.

ಮೊದಲು ಒಂದು ಪುಸ್ತಕ ಇಟ್ಟುಕೊಳ್ಳಿ. ನಾನು ಮೂವತ್ತೊಂದು ವರ್ಷ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಮನೆಯಲ್ಲಿ ಖಾಲಿ ಉಳಿದ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕವೊಂದಿತ್ತು. ಕೂಲಿಯವರ ಹೆಸರು ಬರೆಯುವ ಕಡೆ ಆಟಗಾರರ ಹೆಸರು ಬರೆದೆ. ಪಂದ್ಯ ಶುರುವಾಗುವ ಮೊದಲು ವಾದಿಸುವವರೆಲ್ಲ ತಮ್ಮ ನಾಯಕ ಯಾರು, ಕಾರಣವೇನು ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಸಹಿ ಹಾಕಬೇಕು. ಪಂದ್ಯ ಮುಗಿದ ಮೇಲೆ "ನಾನು ಅಂದೇ ಹೇಳಿದ್ದೆ" ಎನ್ನುವವರ ಕಾಟ ಇದರಿಂದ ಅರ್ಧ ತಪ್ಪುತ್ತದೆ. ನನ್ನ ಭಾವ ಮೊದಲ ದಿನವೇ ಸಹಿ ಹಾಕಲು ತಕರಾರು ಮಾಡಿದರು. ಸಹಿ ಹಾಕದವರ ಚಹಾದ ದುಡ್ಡು ಅವರೇ ಕೊಡಬೇಕು ಎಂದು ನಾವು ಸೇರುವ ಚಹಾದಂಗಡಿಯ ಕಾಕಾ ತೀರ್ಪು ಕೊಟ್ಟ ಮೇಲೆ ಹಾಕಿದರು.

ಇನ್ನು ಮುಖ್ಯ ವಿಷಯ. ನಾಯಕ ಯಾರಾಗಬೇಕು ಎಂದು ಕೇಳುವ ಮೊದಲು, ಕೋಚ್ ಆಡಿಸಲು ಹೊರಟಿರುವ ಆಟ ಯಾವುದು ಎಂದು ಕೇಳಿ. ಇವೆರಡೂ ಬೇರೆ ಬೇರೆ ಪ್ರಶ್ನೆಗಳೆಂದು ಭಾವಿಸಿ ವಾದಿಸುವುದರಿಂದಲೇ ಗಂಟಲು ಒಣಗುತ್ತದೆ. ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ಯುವವಳನ್ನು ಮೇಸ್ತ್ರಿ ಮಾಡುವುದಿಲ್ಲ; ಮಾಡಿದರೆ ಒಳ್ಳೆಯ ಕೊಯ್ಲಿನವಳೊಬ್ಬಳು ಹೋದಳು, ಸಾಧಾರಣ ಮೇಸ್ತ್ರಿಯೊಬ್ಬಳು ಬಂದಳು, ಅಷ್ಟೇ. ಕೊಯ್ಲಿನ ಮೇಸ್ತ್ರಿಯನ್ನು ಮರ ಏರಿ ಕೊಂಬೆ ಕಡಿಯುವ ಕಪಾತಿಗೆ ಕಳಿಸುವುದೂ ಇಲ್ಲ. ಅಲ್ಲಿ ಮೇಲೆ ಏರಿದವನ ಜೀವ ಕೆಳಗೆ ನಿಂತು ಕೂಗುವವನ ಕಣ್ಣಿನಲ್ಲಿರುತ್ತದೆ. ಕೆಲಸ ಬದಲಾದರೆ ಮೇಸ್ತ್ರಿಯೂ ಬದಲಾಗುತ್ತಾನೆ. ಹಿಂದೆ ಸರಿದು, ಗೋಲಿನ ಮುಂದೆ ಗೋಡೆ ಕಟ್ಟಿ, ಅವಕಾಶ ಸಿಕ್ಕಾಗ ನುಗ್ಗುವ ಆಟವಾದರೆ ಆ ಗೋಡೆಯನ್ನು ಸಾಲು ತಪ್ಪದಂತೆ ನಿಲ್ಲಿಸುವ ಡಿಫೆಂಡರ್‌ನ ತೋಳಿಗೆ ನಾಯಕನ ಪಟ್ಟಿ ಒಪ್ಪುತ್ತದೆ. ಪಾಸ್ ಮೇಲೆ ಪಾಸ್ ಕೊಟ್ಟು ಮುಂದೆ ಹೋಗುವ ಆಟವಾದರೆ ನಡುವಿನಲ್ಲಿ ನಿಂತು ವೇಗ ಹೆಚ್ಚಿಸುವ, ತಗ್ಗಿಸುವ ಮಿಡ್‌ಫೀಲ್ಡರ್ ಬೇಕು.

ಕೆಲವೊಮ್ಮೆ ನಾಯಕನ ಹೆಸರೇ ಹೊಸ ಆಟದ ಘೋಷಣೆಯಾಗಿರುತ್ತದೆ. 2011ರಲ್ಲಿ ಅರ್ಜೆಂಟೀನಾದ ಹೊಸ ಕೋಚ್ ಅಲೆಹಾಂಡ್ರೊ ಸಬೆಲ್ಲಾ ಅವರು ಮಸ್ಕೆರಾನೊ ಅವರ ಕೈಯಲ್ಲಿದ್ದ ನಾಯಕತ್ವವನ್ನು ಮೆಸ್ಸಿಗೆ ಕೊಟ್ಟರು. ಮೆಸ್ಸಿ ಆ ಹುದ್ದೆಯಲ್ಲಿ ಮೊದಲು ಮೈದಾನಕ್ಕಿಳಿದದ್ದು ನಮ್ಮ ಕೋಲ್ಕತ್ತದಲ್ಲಿ, ಸೆಪ್ಟೆಂಬರ್ 2ರಂದು, ವೆನೆಜುವೆಲಾ ವಿರುದ್ಧ. "ಮಾತೇ ಆಡದವನು ಎಂಥ ನಾಯಕ?" ಎಂದು ಭಾವ ಈಗಲೂ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಮಾತನಾಡುವವನು ಬೇಕಿದ್ದರೆ ಮಸ್ಕೆರಾನೊ ಇದ್ದರಲ್ಲ ಭಾವ; ಇನ್ನು ಮುಂದೆ ಚೆಂಡು ಯಾರನ್ನು ಹುಡುಕಿಕೊಂಡು ಹೋಗಬೇಕು ಎಂದು ಸಬೆಲ್ಲಾ ಹತ್ತು ಜನರಿಗೆ ತಿಳಿಸಿದರು.

ಗೋಲ್‌ಕೀಪರ್ ನಾಯಕನಾದಾಗ ವಾದ ಹೆಚ್ಚು ಕಾವೇರುತ್ತದೆ. ಅವನಿಗೆ ಇಡೀ ಮೈದಾನ ಕಾಣುತ್ತದೆ ಎಂದು ಒಬ್ಬರು, ರೆಫರಿ ಇರುವಲ್ಲಿಗೆ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಇನ್ನೊಬ್ಬರು. ಎರಡನೆಯ ಮಾತಿಗೆ ಬಲವಿದೆ. 2024ರ ಯೂರೋ ಕಪ್‌ನಲ್ಲಿ ರೆಫರಿಯ ಬಳಿ ಹೋಗಿ ಮಾತನಾಡಲು ನಾಯಕನೊಬ್ಬನಿಗೇ ಅವಕಾಶ ಎಂದು ನಿಯಮ ಮಾಡಿದಾಗ, ನಾಯಕ ಗೋಲ್‌ಕೀಪರ್ ಆಗಿದ್ದರೆ ಆ ಕೆಲಸಕ್ಕೆ ಬೇರೊಬ್ಬ ಆಟಗಾರನನ್ನು ಗೊತ್ತುಮಾಡಬೇಕು ಎಂದೂ ಸೇರಿಸಿದ್ದರು. ಆದರೆ ಭಾವ ಇದನ್ನು ಎತ್ತಿದಾಗಲೆಲ್ಲ ನಾನು 2024ರ ಜೂನ್ 11ರ ದೋಹಾ ಪಂದ್ಯವನ್ನು ತೆಗೆಯುತ್ತೇನೆ. ಛೆಟ್ರಿ ನಿವೃತ್ತರಾಗಿ ಐದೇ ದಿನವಾಗಿತ್ತು, ಪಟ್ಟಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ತೋಳಿನಲ್ಲಿತ್ತು. ಮೈದಾನದ ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಹೊಡೆಯಿತು. ಅದು ನಡೆದದ್ದು ಗುರ್‌ಪ್ರೀತ್ ಅವರ ಪಕ್ಕದಲ್ಲೇ! ನಾಯಕ ಅಷ್ಟು ಹತ್ತಿರದಲ್ಲಿದ್ದೂ, ತಂಡವೆಲ್ಲ ಪ್ರತಿಭಟಿಸಿದರೂ ಗೋಲು ಗೋಲಾಗಿಯೇ ಉಳಿಯಿತು, ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. ನಾವು 1-2ರಿಂದ ಸೋತು ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿದ್ದೆವು. ಈ ಕಥೆ ಹೇಳಿದ ಮೇಲೆ ಐದು ನಿಮಿಷ ಯಾರೂ ಮಾತನಾಡುವುದಿಲ್ಲ. ಆ ಹೊತ್ತಿನಲ್ಲಿ ಚಹಾ ಕುಡಿದುಬಿಡಬೇಕು.

ಫಲಿತಾಂಶವನ್ನು ಸಾಕ್ಷಿಯಾಗಿ ತರುವವರನ್ನು ತಡೆಯುವುದು ಕಷ್ಟ. ಏಕೆಂದರೆ ನಾನೇ ಅದರಲ್ಲಿ ಮುಂದಾಳು. 2019ರ ಏಷ್ಯನ್ ಕಪ್‌ನಲ್ಲಿ ಭಾರತದ ಆಗಿನ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ನಾಯಕತ್ವವನ್ನು ಒಬ್ಬರಿಂದ ಒಬ್ಬರಿಗೆ ಸುತ್ತಿಸುತ್ತಿದ್ದರು. ಜನವರಿ 14ರಂದು ಶಾರ್ಜಾದಲ್ಲಿ ಬಹರೇನ್ ವಿರುದ್ಧ ಪಟ್ಟಿ ಕಟ್ಟಿದವರು ಪ್ರಣಯ್ ಹಲ್ದರ್. ಡ್ರಾ ಆಗಿದ್ದರೂ ಮುಂದಿನ ಸುತ್ತು ಸಿಗುತ್ತಿತ್ತು. ತೊಂಬತ್ತು ನಿಮಿಷ ದಾಟಿದ ಮೇಲೆ ಹಲ್ದರ್ ಅವರ ಫೌಲ್‌ಗೆ ಪೆನಾಲ್ಟಿ ಸಿಕ್ಕಿತು, ಸೋತೆವು, ಕೋಚ್ ರಾಜೀನಾಮೆ ಕೊಟ್ಟರು. ಛೆಟ್ರಿಯ ಪಟ್ಟಿಯನ್ನು ಹರಾಜಿಗಿಟ್ಟದ್ದರ ಫಲ ಎಂದು ನಾನು ಒಂದು ವಾರ ಊರೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಗೆ ಅಕ್ಕನ ಮಗಳು, ಆಗಿನ್ನೂ ಹೈಸ್ಕೂಲಿನಲ್ಲಿದ್ದವಳು, "ಮಾವ, ಫೌಲ್ ಮಾಡಿದ್ದು ಕಾಲಲ್ಲವೇ? ಪಟ್ಟಿ ಇದ್ದದ್ದು ತೋಳಿನಲ್ಲಿ" ಎಂದಳು. ಅಂದಿನಿಂದ ಆ ವಾದವನ್ನು ನಾನು ಎತ್ತಿಲ್ಲ.

ಆಟದ ಶೈಲಿಗೂ ಇದೇ ಮಾತು. ಅದೇ ವರ್ಷ ಇಗೊರ್ ಸ್ಟಿಮಾಚ್ ಹೊಸ ಕೋಚ್ ಆಗಿ ಬಂದು, ಉದ್ದದ ಹೊಡೆತ ಬಿಟ್ಟು ಹಿಂದಿನಿಂದ ಪಾಸ್ ಕಟ್ಟುವ ಆಟ ಕಲಿಸುತ್ತೇನೆ ಎಂದರು. ಸೆಪ್ಟೆಂಬರ್ 5ರಂದು ಗುವಾಹಟಿಯಲ್ಲಿ ಒಮಾನ್ ವಿರುದ್ಧ ಮೊದಲರ್ಧ ಎಷ್ಟು ಚೆನ್ನಾಗಿ ಆಡಿದರೆಂದರೆ ಭಾವ ಕೂಡ ಎದ್ದು ನಿಂತಿದ್ದರು. ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತರು. ಐದು ದಿನಗಳ ನಂತರ, ಜ್ವರದಿಂದ ಛೆಟ್ರಿ ಇಲ್ಲದೆ, ಗುರ್‌ಪ್ರೀತ್ ನಾಯಕತ್ವದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ ದೋಹಾದಲ್ಲೇ 0-0. ದೇಶವೆಲ್ಲ ಹೊಸ ಆಟವನ್ನು ಹೊಗಳಿತು. ಪಂದ್ಯವನ್ನು ಪೂರ್ತಿ ನೋಡಿದವರಿಗೆ ಗೊತ್ತು, ಅಂದು ನಾವು ಬಹುಪಾಲು ನಮ್ಮ ಗೋಲಿನ ಮುಂದೆಯೇ ನಿಂತಿದ್ದೆವು, ಬಂದ ಚೆಂಡುಗಳನ್ನೆಲ್ಲ ಗುರ್‌ಪ್ರೀತ್ ತಡೆದರು. ಹೊಸ ಆಟ ಕಂಡದ್ದು ಸೋತ ಪಂದ್ಯದಲ್ಲಿ, ಹೊಗಳಿಕೆ ಸಿಕ್ಕಿದ್ದು ಹಳೆಯ ಆಟಕ್ಕೆ.

ಹಾಗಾದರೆ ಏನನ್ನು ನೋಡಬೇಕು? ಗೋಲ್ ಕಿಕ್ ನೋಡಿ: ಕೀಪರ್ ಪಕ್ಕದವನಿಗೆ ಕೊಡುತ್ತಾನೋ, ಕಣ್ಣು ಮುಚ್ಚಿ ದೂರ ಹೊಡೆಯುತ್ತಾನೋ. ಚೆಂಡು ಕೈತಪ್ಪಿದ ಕ್ಷಣ ಹತ್ತಿರದವನು ಮೇಲೆ ಬೀಳುತ್ತಾನೋ, ಹಿಂದಕ್ಕೆ ಓಡುತ್ತಾನೋ. ಇವೆರಡನ್ನು ಮೊದಲ ಹದಿನೈದು ನಿಮಿಷ ಗುರುತು ಹಾಕಿಕೊಳ್ಳಿ, ಎಪ್ಪತ್ತನೆಯ ನಿಮಿಷದ ನಂತರ ಮತ್ತೆ ಹಾಕಿ. ಒಮಾನ್ ಪಂದ್ಯದಂತೆ, ಕಾಲು ಸೋತಾಗ ಎಷ್ಟು ಉಳಿಯುತ್ತದೋ ಅಷ್ಟೇ ಕೋಚ್ ಕಲಿಸಿದ್ದು. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಇದೆಲ್ಲ ಅರ್ಧಂಬರ್ಧ ಕಾಣುತ್ತದೆ. ಊರಿನ ಮೈದಾನದಲ್ಲಿ ಗೋಲಿನ ಹಿಂದೆ ನಿಂತು ಎರಡು ಪಂದ್ಯ ನೋಡಿದರೆ ಕಣ್ಣು ಪಳಗುತ್ತದೆ.

ರಾಷ್ಟ್ರೀಯ ತಂಡದ ಕೋಚ್‌ಗೆ ಸಿಗುವ ದಿನಗಳೂ ಕಡಿಮೆ. ಆಟಗಾರರು ವರ್ಷವೆಲ್ಲ ಕ್ಲಬ್‌ಗಳಲ್ಲಿ ಬೇರೆ ಬೇರೆ ಆಟ ಆಡಿ, ಶಿಬಿರಕ್ಕೆ ಕೆಲವೇ ದಿನ ಬರುತ್ತಾರೆ. ಆದ್ದರಿಂದ ಬುದ್ಧಿವಂತ ಕೋಚ್ ಬೇಗ ಕಲಿಸಬಹುದಾದದ್ದನ್ನು ಮೊದಲು ಕಲಿಸುತ್ತಾನೆ. ಆಗಸ್ಟ್ 29ರಂದು ಜಮೀಲ್ ಅವರ ಮೊದಲ ಪಂದ್ಯದಲ್ಲಿ ತಜಿಕಿಸ್ತಾನದ ವಿರುದ್ಧ ಮೊದಲ ಗೋಲು ಬಂದದ್ದು ಉವೈಸ್ ಎಸೆದ ಉದ್ದದ ಥ್ರೋ-ಇನ್‌ಗೆ ಅನ್ವರ್ ಅಲಿ ತಲೆ ಕೊಟ್ಟಾಗ. "ಇದೇನು ಫುಟ್ಬಾಲೋ ಹ್ಯಾಂಡ್‌ಬಾಲೋ?" ಎಂದು ಭಾವ ಸಿಡುಕಿದರು. 2-1ರಿಂದ ಗೆದ್ದೆವು. ನನಗೆ ಆ ಎಸೆತದಲ್ಲಿ ಕೋಚ್‌ನ ಕೈ ಕಂಡಿತು, ಭಾವನಿಗೆ ಕಾಣಲಿಲ್ಲ.

ವಾದದ ಮಧ್ಯೆ ಒಬ್ಬ ಹಾಕಿ ಹಿರಿಯರು ಬಂದೇ ಬರುತ್ತಾರೆ. 1973ರ ವಿಶ್ವಕಪ್‌ನಲ್ಲಿ ತಂಡ ನಡೆಸಿದ ಎಂ.ಪಿ. ಗಣೇಶ್ ಅವರಿಂದ ಶುರುಮಾಡುತ್ತಾರೆ. ತಡೆಯಬೇಡಿ, ಐದು ನಿಮಿಷ ಕೊಡಿ. ನಮ್ಮಲ್ಲಿಗೆ ಬರುವವರು ಒಮ್ಮೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ನೆನಪಿಸಿದರು. ಹುಲ್ಲಿನ ಬದಲು ಕೃತಕ ಹಾಸು ಬಂತು, ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. "ನೆಲ ನೋಡದೆ ಆಟದ ಮಾತು ಆಡುತ್ತೀರಲ್ಲ" ಎಂದು ಎದ್ದು ಹೋದರು. ಆ ಮೇಲೆ ಪುಸ್ತಕದಲ್ಲಿ ಮೈದಾನ, ಮಳೆ ಎಂಬ ಎರಡು ಕಾಲಂ ಎಳೆದೆ.

"ಛೆಟ್ರಿ ಇದ್ದಿದ್ದರೆ" ಎಂದವರಿಗೆ ಒಂದು ಚಹಾ ದಂಡ. 2025ರ ಮಾರ್ಚ್‌ನಲ್ಲಿ ಅವರು ನಿವೃತ್ತಿಯಿಂದ ಮರಳಿ ಮಾಲ್ಡೀವ್ಸ್ ವಿರುದ್ಧ ಗೋಲು ಹೊಡೆದ ಮೇಲೆ ಈ ದಂಡ ವಸೂಲಿ ಮಾಡುವುದು ಕಷ್ಟವಾಗಿದೆ.

ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಾಪುರದ ವಿರುದ್ಧ 1-2ರಿಂದ ಸೋತ ರಾತ್ರಿ ಯಾರೂ ಪುಸ್ತಕ ತೆರೆಯಲಿಲ್ಲ. ಮರುದಿನ ನಾನೊಬ್ಬನೇ ಕುಳಿತು ಲೆಕ್ಕ ಹಾಕಿದೆ. ಈವರೆಗಿನ ಪಂದ್ಯಗಳಲ್ಲಿ ನಾನು ಭಾವನಿಗೆ ಏಳು ಚಹಾ ಬಾಕಿ. ಮೂರು ಎಂದು ಹೇಳಿದ್ದೇನೆ. ಚೆಕ್‌ರೋಲ್ ಇರುವುದು ನನ್ನ ಬಳಿ.