ಕೇಪು ತಳ ಮುಟ್ಟಿದ್ದು ಬೆರಳಿಗೆ ತಿಳಿಯಬೇಕು: ಕೈ ಪ್ರೈಮಿಂಗ್ ಉಪಕರಣ ಆರಿಸಿಕೊಂಡ ನನ್ನ ಅನುಭವ

ಎಂಟು ಗುಂಡಿನ ಕ್ಲಿಪ್ಪಿನಲ್ಲಿ ಐದನೆಯದು ಹಾರಲಿಲ್ಲ. ಅಮೆರಿಕದ ಓಹಾಯೋದಲ್ಲಿ ನಮ್ಮ ಕ್ಲಬ್ಬಿನ 200 ಗಜದ ರೇಂಜು, ಅಭ್ಯಾಸದ ಶನಿವಾರ, ಕೈಯಲ್ಲಿ ಎಂ1 ಗ್ಯಾರಂಡ್, ಅಮೆರಿಕದ ಸೇನೆಯ ಹಳೆಯ ಅರೆ ಸ್ವಯಂಚಾಲಿತ ರೈಫಲ್. ತೋಟಾ ನಾನೇ ಮನೆಯಲ್ಲಿ ತುಂಬಿದ್ದು: ಹಾರಿದ ಹಿತ್ತಾಳೆಯ ಖಾಲಿ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು), ಮದ್ದು, ಗುಂಡು ಸೇರಿಸಿ. ಟ್ರಿಗರ್ ಎಳೆದರೆ ‘ಟಕ್’ ಅಂದದ್ದಷ್ಟೇ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಿದೆ. ಪಕ್ಕದಲ್ಲಿದ್ದ ಹಿರಿಯ ಶೂಟರ್ ಒಬ್ಬರು, ಬೋಲ್ಟ್ ತೆರೆಯಬೇಡ, ಟ್ರಿಗರ್ ಗಾರ್ಡ್ ಎಳೆದು ಹ್ಯಾಮರ್ ಮತ್ತೆ ಏರಿಸು ಎಂದರು. ಗ್ಯಾರಂಡಿನಲ್ಲಿ ತೋಟಾದ ಹಿಂಬದಿ ಮುಚ್ಚಿರುವ ಬೋಲ್ಟನ್ನು ತೆರೆಯದೆಯೇ, ಬಡಿಯುವ ಹ್ಯಾಮರನ್ನು ಹಾಗೆ ಏರಿಸಲು ಬರುತ್ತದೆ. ಎರಡನೇ ಹೊಡೆತಕ್ಕೆ ಈಡು ಹಾರಿತು. ‘ಪ್ರೈಮರ್ ಪೂರ್ತಿ ಕೂತಿರಲಿಲ್ಲ. ಮೊದಲ ಹೊಡೆತ ಅದನ್ನು ಕೂರಿಸಿತು, ಎರಡನೆಯದು ಹೊತ್ತಿಸಿತು’ ಎಂದರು ಅವರು.

ಅವರ ಮಾತು ಕೇಳುತ್ತಿದ್ದ ಹಾಗೆ ನನ್ನ ಕಣ್ಣ ಮುಂದೆ ಬಂದದ್ದು ಅಪ್ಪನ ಹೆಬ್ಬೆರಳು.

ನಾನು ಹುಟ್ಟಿ ಬೆಳೆದದ್ದು ಕೊಡಗಿನ ವಿರಾಜಪೇಟೆಯ ಹತ್ತಿರ. ಕೈಲ್‌ಪೊಳ್ದಿನ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ, ಸಾಲಾಗಿ ಇಟ್ಟು, ಮೂತಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಅವುಗಳಲ್ಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತು. ಮೂತಿಯಿಂದ ಮದ್ದು ತುಂಬಿ, ಹಿಂದಿನ ತುದಿಗೆ ತಾಮ್ರದ ಪುಟ್ಟ ಕೇಪನ್ನು ಟೋಪಿಯ ಹಾಗೆ ಹಾಕುವಂಥದ್ದು. ಅಪ್ಪ ಕೇಪು ಹಾಕಿ ಸುಮ್ಮನಾಗುತ್ತಿರಲಿಲ್ಲ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ತುಸು ತಿರುಗಿಸಿ, ಮತ್ತೆ ಒತ್ತುತ್ತಿದ್ದರು. ‘ಕೇಪು ಅಡಿ ಮುಟ್ಟದಿದ್ದರೆ ಕುದುರೆಯ ಪೆಟ್ಟೆಲ್ಲ ಕೇಪನ್ನು ತಳ್ಳೋದಕ್ಕೇ ಮುಗಿದುಹೋಗ್ತದೆ ಮಗ, ಬೆಂಕಿ ಎಲ್ಲಿಂದ ಬರ್ತದೆ?’ ಅನ್ನುತ್ತಿದ್ದರು. ಕುದುರೆ ಅಂದರೆ ಕೇಪನ್ನು ಬಡಿಯುವ ಕೋವಿಯ ಸುತ್ತಿಗೆ. ನಲವತ್ತು ವರ್ಷ ಕಳೆದು, ಏಳು ಸಮುದ್ರದಾಚೆ ಬಂದು ಕೂತ ಮೇಲೂ ನನ್ನ ತೋಟಾದ ಕಾಯಿಲೆ ಅದೇ ಆಗಿತ್ತು.

ಆ ದಿನ ಮನೆಗೆ ಬಂದು ಅದೇ ಸರದಿಯಲ್ಲಿ ತುಂಬಿಟ್ಟಿದ್ದ ಉಳಿದ ಅರವತ್ತು ತೋಟಾಗಳನ್ನು ಬೆಳಕಿಗೆ ಹಿಡಿದೆ. ಒಂದೊಂದರ ಹಿಂಬದಿಗೂ ಉಕ್ಕಿನ ಪಟ್ಟಿಯ ಅಂಚನ್ನು ಇಟ್ಟು ನೋಡಿದೆ. ಏಳರಲ್ಲಿ ಪಟ್ಟಿ ಪ್ರೈಮರಿನ ಮೇಲೆ ತೂಗಿತು. ಅಂದರೆ ಪ್ರೈಮರ್ ಕೇಸಿನ ಮಟ್ಟಕ್ಕಿಂತ ಮೇಲೆದ್ದಿತ್ತು. ಆ ಏಳನ್ನೂ ಬಿಚ್ಚಿ ಗುಂಡು, ಮದ್ದು ಬೇರೆ ಮಾಡಿದೆ. ಹಾರದೆ ನಿಂತ ತೋಟಾದ ಚಿಂತೆ ದೊಡ್ಡದಲ್ಲ, ಹೆಚ್ಚೆಂದರೆ ಸ್ಪರ್ಧೆಯಲ್ಲಿ ಅಂಕ ಹೋಗುತ್ತದೆ. ನನ್ನ ಬೆನ್ನು ತಣ್ಣಗಾದದ್ದು ಬೇರೆ ಕಾರಣಕ್ಕೆ.

ಪ್ರೈಮರನ್ನು ಬಡಿದು ಹೊತ್ತಿಸುವ ಗ್ಯಾರಂಡಿನ ಫೈರಿಂಗ್ ಪಿನ್ನನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗ್ ಇಲ್ಲ, ಅದು ಬೋಲ್ಟಿನೊಳಗೆ ಸಡಿಲವಾಗಿ ಓಡಾಡುತ್ತದೆ. ಬೋಲ್ಟ್ ರಭಸದಿಂದ ಮುಚ್ಚಿಕೊಂಡಾಗ ಪಿನ್ನಿನ ತುದಿ ಪ್ರೈಮರನ್ನು ಮೆಲ್ಲನೆ ತಟ್ಟುತ್ತದೆ. ಚೇಂಬರಿಗೆ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಹೋಗಿ ಹಾರದೆ ಹೊರಬಂದ ತೋಟಾದ ಮೇಲೆ ಒಂದು ಸಣ್ಣ ಚುಕ್ಕೆ ಮೂಡಿರುವುದನ್ನು ಈ ರೈಫಲ್ ಇರುವವರೆಲ್ಲ ನೋಡಿರುತ್ತಾರೆ. ಪ್ರೈಮರ್ ಸರಿಯಾಗಿ ಒಳಗೆ ಕೂತಿದ್ದರೆ ಆ ತಟ್ಟುವಿಕೆಯಿಂದ ಏನೂ ಆಗದು. ಮೇಲೆದ್ದಿದ್ದರೆ, ಅದೂ ಮೆತ್ತನೆಯ ಬಟ್ಟಲಿನ ಪ್ರೈಮರ್ ಆಗಿದ್ದರೆ, ಬೋಲ್ಟ್ ಬೀಗ ಹಾಕಿಕೊಳ್ಳುವ ಮೊದಲೇ ತೋಟಾ ಹೊತ್ತಿಕೊಳ್ಳಬಹುದು. ಸ್ಲ್ಯಾಮ್ ಫೈರ್ ಅನ್ನುವುದು ಇದನ್ನೇ. ಆಗ ಮುಖ ಇರುವುದು ಬೋಲ್ಟ್ ಓಡಾಡುವ ರಿಸೀವರಿನಿಂದ ಒಂದು ಗೇಣು ದೂರದಲ್ಲಿ. ನನ್ನ ಅರವತ್ತರಲ್ಲಿ ಏಳು ಹಾಗಿದ್ದವು ಎಂಬುದು ಆ ರಾತ್ರಿ ನಿದ್ದೆ ಕೊಡಲಿಲ್ಲ.

ಅಲ್ಲಿಯವರೆಗೆ ನಾನು ಪ್ರೆಸ್ಸಿನಲ್ಲೇ ಪ್ರೈಮರ್ ಕೂರಿಸುತ್ತಿದ್ದೆ. ಕೇಸನ್ನು ಹಿಗ್ಗಿಸಿ ಕುಗ್ಗಿಸಿ ಅಳತೆಗೆ ತರುವ ಯಂತ್ರ ಅದು, ಉದ್ದನೆ ಹಿಡಿ, ಬಲವಾದ ಲಿಂಕು. ಬಲ ಬೇಕಾದ ಕೆಲಸಕ್ಕೆ ಅದರಂಥದ್ದಿಲ್ಲ. ಪ್ರೈಮರಿಗೆ ಬೇಕಾದದ್ದು ಬಲವಲ್ಲ. ದೊಡ್ಡ ರೈಫಲ್ ಪ್ರೈಮರಿನ ಅಡ್ಡಳತೆ 0.210 ಇಂಚು, ಒಂದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ಲೋಹದ ಬಟ್ಟಲು, ಅದರೊಳಗೆ ಲೆಡ್ ಸ್ಟಿಫ್ನೇಟಿನ ಮಸಾಲೆ, ಅದರ ಮೇಲೆ ಕಾಲುಗಳಿರುವ ಪುಟ್ಟ ಅಡಿಗಲ್ಲು. ಪಿನ್ ಬಡಿದಾಗ ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಮಸಾಲೆ ಜಜ್ಜಿ ಕಿಡಿ ಏಳುತ್ತದೆ. ಹಾಗಾಗಬೇಕಾದರೆ ಅಡಿಗಲ್ಲಿನ ಕಾಲುಗಳು ಪಾಕೆಟ್ಟಿನ, ಅಂದರೆ ಕೇಸಿನ ಬುಡದಲ್ಲಿ ಪ್ರೈಮರ್ ಕೂರುವ ಗುಳಿಯ, ತಳಕ್ಕೆ ಊರಿ ನಿಂತಿರಬೇಕು. ಊರಿ ನಿಂತಾಗ ಪ್ರೈಮರಿನ ಬೆನ್ನು ಕೇಸಿನ ಮಟ್ಟದಿಂದ ಮೂರರಿಂದ ಐದು ಥೌ ಒಳಗಿರುತ್ತದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ನಾಲ್ಕು ಥೌ ಎಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು. ಅಷ್ಟು ಸಣ್ಣ ಅಂತರ ಮುಗಿದದ್ದನ್ನು ಪ್ರೆಸ್ಸಿನ ಉದ್ದ ಹಿಡಿಯ ತುದಿಯಲ್ಲಿರುವ ಕೈ ಕಂಡುಹಿಡಿಯುವುದು ಕಷ್ಟ. ಪಳಗಿದವರು ಅದರಲ್ಲೇ ಚೆನ್ನಾಗಿ ಕೂರಿಸುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಕೈಗೆ ಅದು ಒಲಿಯಲಿಲ್ಲ.

ಹೀಗಾಗಿ ಕೈಯಲ್ಲೇ ಹಿಡಿದು ಕೂರಿಸುವ ಉಪಕರಣ ಕೊಳ್ಳುವುದೆಂದು ತೀರ್ಮಾನಿಸಿದೆ. ಅವಸರದಲ್ಲಿ ಮೊದಲು ತಂದದ್ದು ಯಾರೋ ಬಳಸಿ ಬಿಟ್ಟಿದ್ದ ಅಗ್ಗದ ಒಂದನ್ನು. ಎರಡನೇ ಸಂಜೆಯೇ ಅದರ ಟ್ರೇ ಮುಚ್ಚಳ ಸಡಿಲಗೊಂಡು ನೂರರ ಹತ್ತಿರ ಪ್ರೈಮರುಗಳು ನೆಲಮಾಳಿಗೆಯ ತುಂಬ ಚೆಲ್ಲಿದವು. ಮಂಡಿಯೂರಿ ಟಾರ್ಚ್ ಹಿಡಿದು ಎಣಿಸಿ ಹೆಕ್ಕಿದೆ, ಕೊನೆಯದು ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ. ಒಂದೇ ಒಂದು ಉಳಿದಿದ್ದರೂ ಮಾರನೇ ದಿನ ಕಸ ಗುಡಿಸುವಾಗಲೋ ವ್ಯಾಕ್ಯೂಮ್ ಮಾಡುವಾಗಲೋ ಅದು ಸಿಡಿಯಬಹುದಿತ್ತು. ಅಂದಿನಿಂದ ನಾನು ಯಾವ ಉಪಕರಣವನ್ನು ಕೈಗೆತ್ತಿಕೊಂಡರೂ ಮೊದಲು ನೋಡುವುದು ಮುಚ್ಚಳದ ಬಿಗಿ.

ಆಮೇಲೆ ಬುದ್ಧಿ ಬಂತು. ಕೊಳ್ಳುವುದನ್ನು ನಿಲ್ಲಿಸಿ ಎರವಲು ಕೇಳಿದೆ. ಕ್ಲಬ್ಬಿನವರು ಸಂತೋಷದಿಂದ ಕೊಟ್ಟರು. ಒಂದೂವರೆ ತಿಂಗಳಲ್ಲಿ ನಾಲ್ಕು ಬಗೆಯವು ನನ್ನ ಮೇಜಿನ ಮೇಲೆ ಬಂದು ಹೋದವು. ಪ್ರತಿಯೊಂದರಲ್ಲೂ ಒಂದೇ ಸರದಿಯ ಐವತ್ತು ಕೇಸುಗಳಿಗೆ ಪ್ರೈಮರ್ ಕೂರಿಸಿ, ಡೆಪ್ತ್ ಮೈಕ್ರೋಮೀಟರಿನಲ್ಲಿ ಆಳ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ.

ಹೆಬ್ಬೆರಳಿನಿಂದ ಲಿವರ್ ಒತ್ತುವ ಬಗೆಯದು ಹಗುರ, ಬೆಲೆಯೂ ಕಡಿಮೆ. ಸ್ಪರ್ಶ ಅದರಲ್ಲಿ ತುಂಬ ಚೆನ್ನಾಗಿ ಸಿಗುತ್ತದೆ, ಅಪ್ಪನ ಹೆಬ್ಬೆರಳೇ ನೆನಪಾಗುವಷ್ಟು. ಆದರೆ ನನ್ನ ಹೆಬ್ಬೆರಳಿನ ಬುಡಕ್ಕೆ ಸಂಧಿವಾತ ಹತ್ತಿದೆ. ನಲವತ್ತನೇ ಕೇಸಿನ ಹೊತ್ತಿಗೆ ನೋವು ಶುರುವಾಗಿ, ಅಳತೆಯ ಪುಸ್ತಕದಲ್ಲೂ ಅದು ಕಾಣಿಸಿತು: ಕೊನೆಯ ಹತ್ತರಲ್ಲಿ ಮೂರು ಪ್ರೈಮರುಗಳು ಕೇಸಿನ ಮಟ್ಟಕ್ಕೆ ಮಾತ್ರ ಬಂದಿದ್ದವು, ಒಳಗೆ ಹೋಗಿರಲಿಲ್ಲ. ದಣಿದ ಬೆರಳು ಸುಳ್ಳು ಹೇಳುತ್ತದೆ. ಇಪ್ಪತ್ತೈದರ ಹರೆಯದವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ, ನನ್ನ ವಯಸ್ಸಿನವರಿಗೆ ಹೇಳುವುದಿಲ್ಲ.

ಎರಡನೆಯದು ಆಳವನ್ನು ಕ್ಲಿಕ್ ಕ್ಲಿಕ್ ಎಂದು ತಿರುಗಿಸಿ ನಿಗದಿ ಮಾಡುವಂಥದ್ದು, ಲೋಹದ ಮೈ. ಮೆಕ್ಯಾನಿಕಲ್ ಎಂಜಿನಿಯರ್ ಆದ ನನಗೆ ನೋಡಿದ ಕೂಡಲೇ ಆಸೆ ಹುಟ್ಟಿತು. ಬಳಸುತ್ತ ಬಳಸುತ್ತ ಒಂದು ಸಂಗತಿ ಹೊಳೆಯಿತು. ಅದು ಆಳವನ್ನು ಲೆಕ್ಕ ಹಾಕುವುದು ಕೇಸಿನ ರಿಮ್ಮನ್ನು, ಅಂದರೆ ಬುಡದ ಅಂಚನ್ನು, ಹಿಡಿದಿರುವ ಶೆಲ್ ಹೋಲ್ಡರಿನಿಂದ. ಪಾಕೆಟ್ಟಿನ ತಳ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ರಿಮ್ಮಿನ ದಪ್ಪ ಕೇಸಿನಿಂದ ಕೇಸಿಗೆ ಬೇರೆ, ಪಾಕೆಟ್ಟಿನ ಆಳವೂ ಬೇರೆ. ಒಂದೇ ಕಂಪನಿಯ ಒಂದೇ ಸರದಿಯ ಕೇಸುಗಳನ್ನು ತೂಗಿ ಆರಿಸಿ ಬಳಸುವವರಿಗೆ ಇದು ಬಂಗಾರದಂಥ ಉಪಕರಣ. ನನ್ನ ಡಬ್ಬದಲ್ಲಿರುವುದು ಅಮೆರಿಕದ ಸೇನೆಗೆ ತೋಟಾ ಮಾಡುವ ಲೇಕ್ ಸಿಟಿ ಕಾರ್ಖಾನೆಯವು, ಅಂಗಡಿಯ ಕೇಸುಗಳು, ಗ್ರೀಸಿನ ಸೇನೆಗೆಂದು ತಯಾರಾಗಿ ಸಿಎಂಪಿ ಎಂಬ ಅಮೆರಿಕದ ಶೂಟಿಂಗ್ ಸಂಸ್ಥೆಯ ಮೂಲಕ ಇಲ್ಲಿಗೆ ಬಂದ ಕೇಸುಗಳು, ಎಲ್ಲ ಬೆರೆತದ್ದು. ಅಂಥ ಮಿಶ್ರಣಕ್ಕೆ ನಿಗದಿತ ಆಳಕ್ಕಿಂತ ತಳ ಮುಟ್ಟಿದ ಸ್ಪರ್ಶವೇ ಹೆಚ್ಚು ನಂಬಿಕೆಯದು.

ಮೂರನೆಯದು ಒಂದೊಂದೇ ಪ್ರೈಮರ್ ಇಟ್ಟು ಒತ್ತುವ, ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಮೇಲೆ ಊರಿ ಗುರಿಯಿಡುವ) ಶೂಟರುಗಳ ಮೆಚ್ಚಿನ ಸೂಕ್ಷ್ಮ ಉಪಕರಣ. ಅದರ ಬಗ್ಗೆ ಹೇಳಲು ದೂರಿಲ್ಲ. ವಾರಕ್ಕೆ ಇಪ್ಪತ್ತು ಗುಂಡು ಹಾರಿಸುವವರಿಗೆ ಸಾಕು, ನನಗೆ ನಿಧಾನವಾಯಿತು.

ನಾಲ್ಕನೆಯದು ಆರ್‌ಸಿಬಿಎಸ್ ಕಂಪನಿಯ ಕೈ ಪ್ರೈಮಿಂಗ್ ಉಪಕರಣ. ನಾನು ಉಳಿಸಿಕೊಂಡದ್ದು ಇದನ್ನೇ. ಹಿಡಿಯನ್ನು ಅಂಗೈಯಲ್ಲಿಟ್ಟುಕೊಂಡು ನಾಲ್ಕು ಬೆರಳಿನಿಂದ ಲಿವರನ್ನು ಒಳಕ್ಕೆ ಎಳೆಯುವುದು. ಹಾಲು ಕರೆಯುವವರ ಹಾಗೆ ಭಾರವೆಲ್ಲ ನಾಲ್ಕು ಬೆರಳಿಗೂ ಹಂಚಿಹೋಗುತ್ತದೆ, ಹೆಬ್ಬೆರಳಿಗೆ ವಿರಾಮ. ಟ್ರೇಯಲ್ಲಿರುವ ಪ್ರೈಮರುಗಳಿಗೂ ಕೂರುತ್ತಿರುವ ಒಂದಕ್ಕೂ ನಡುವೆ ಲೋಹದ ಒಂದು ತಡೆ ಅಡ್ಡ ಬರುತ್ತದೆ. ಅಕಸ್ಮಾತ್ ಆ ಒಂದು ಸಿಡಿದರೆ ಟ್ರೇಗೆ ಬೆಂಕಿ ದಾಟಬಾರದು ಎಂಬ ಯೋಚನೆ ಅದು. ಪ್ರೆಸ್ಸಿಗೆ ಹಾಕುವ ಮಾಮೂಲಿ ಶೆಲ್ ಹೋಲ್ಡರೇ ಇದಕ್ಕೂ ಆಗುತ್ತದೆ, ನನ್ನ ಗ್ಯಾರಂಡಿನ .30-06 ತೋಟಾಕ್ಕೆ 3ನೇ ನಂಬರಿನದು ಮೊದಲೇ ಇತ್ತು. ಇದನ್ನು ಕೊಳ್ಳುವ ಮುನ್ನ ಗಮನಿಸಲೇಬೇಕು. ಲೀ ಕಂಪನಿಯ ಕೈ ಉಪಕರಣಗಳಿಗೆ ಬೇಕಾದ ಹೋಲ್ಡರುಗಳೇ ಬೇರೆ, ಪ್ರೆಸ್ಸಿನವು ಅದರಲ್ಲಿ ಕೂರುವುದಿಲ್ಲ. ಆರ್‌ಸಿಬಿಎಸ್‌ನದೇ ಯೂನಿವರ್ಸಲ್ ಎಂಬ ಇನ್ನೊಂದು ಮಾದರಿಗೆ ಹೋಲ್ಡರೇ ಬೇಡ, ಸ್ಪ್ರಿಂಗಿನ ದವಡೆಗಳು ರಿಮ್ಮನ್ನು ತಾವೇ ಕಚ್ಚಿ ಹಿಡಿಯುತ್ತವೆ. ಐದಾರು ಬಗೆಯ ತೋಟಾ ತುಂಬುವವರಿಗೆ ಅದು ಒಳ್ಳೆಯದು. ನಾನು ತುಂಬುವುದು ಒಂದೇ ಬಗೆ.

ಇದರಲ್ಲಿ ಕೂರಿಸಿದ ಐವತ್ತರಲ್ಲಿ ಐವತ್ತೂ ಮೂರರಿಂದ ಆರು ಥೌ ಒಳಗಿದ್ದವು. ಆದರೆ ನನಗೆ ಅಂಕಿಗಿಂತ ಹೆಚ್ಚಾಗಿ ಮನಸ್ಸಿಗೆ ಹಿಡಿದದ್ದು ಕೈಗೆ ಬರುವ ಸುದ್ದಿ. ಪ್ರೈಮರ್ ಪಾಕೆಟ್ಟಿನ ಬಾಯಿಗೆ ಬಂದಾಗ ಒಂದು ಸಣ್ಣ ತಡೆ, ಆಮೇಲೆ ನುಣ್ಣಗೆ ಜಾರಿಕೆ, ಕೊನೆಗೆ ಗಟ್ಟಿ ನೆಲ. ಆ ಗಟ್ಟಿ ನೆಲ ಸಿಕ್ಕ ಮೇಲೆ ಕೂದಲೆಳೆಯಷ್ಟು ಇನ್ನೊಂದು ಒತ್ತು. ಅಲ್ಲಿಗೆ ಸಾಕು. ಜಾರಿಕೆ ತೀರಾ ಸಲೀಸಾದರೆ ಪಾಕೆಟ್ ಅಗಲವಾಗಿದೆ, ಆ ಕೇಸಿನ ಆಯುಷ್ಯ ಮುಗಿದಿದೆ ಎಂದರ್ಥ. ಅಂಥದ್ದನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಹಿತ್ತಾಳೆಯ ಗುಜರಿ ಡಬ್ಬಕ್ಕೆ ಹಾಕುತ್ತೇನೆ. ಪ್ರೆಸ್ಸಿನಲ್ಲಿ ಕೂರಿಸುತ್ತಿದ್ದಾಗ ಇಂಥ ಎಷ್ಟು ಕೇಸುಗಳು ನನ್ನ ಕಣ್ಣು ತಪ್ಪಿಸಿ ಹೋಗಿದ್ದವೋ.

ಮೊದಲ ತಡೆಯೇ ದಾಟದಿದ್ದರೆ ಅದು ಸೇನೆಯ ಕೇಸು ಎಂದು ತಿಳಿಯಬೇಕು. ಸೇನೆಗೆ ಮಾಡಿದ ತೋಟಾಗಳಲ್ಲಿ ಪ್ರೈಮರ್ ಅಲುಗದಿರಲೆಂದು ಪಾಕೆಟ್ಟಿನ ಅಂಚನ್ನು ಒಳಕ್ಕೆ ಬಡಿದಿರುತ್ತಾರೆ. ಹಳೆಯ ಪ್ರೈಮರ್ ತೆಗೆದ ಮೇಲೂ ಆ ಅಂಚು ಉಳಿಯುತ್ತದೆ. ಅದನ್ನು ರೀಮರಿನಿಂದ ಕೆತ್ತಿಯೋ ಸ್ವೇಜ್ ಮಾಡಿಯೋ (ಒತ್ತಿ ಸರಿಸಿ) ತೆಗೆಯದೆ ಹೊಸ ಪ್ರೈಮರ್ ಹೋಗದು. ಒಂದು ಸಲ ಅವಸರದಲ್ಲಿ ಅಂಥ ಕೇಸೊಂದರ ಮೇಲೆ ಬಲ ಹಾಕಿದೆ. ಪ್ರೈಮರ್ ಓರೆಯಾಗಿ ಮಡಚಿ ನಿಂತಿತು. ಸಿಡಿಯಲಿಲ್ಲ, ದೇವರ ದಯೆ. ಕೈ ತಡೆದರೆ ನಿಲ್ಲಿಸಬೇಕು, ಒತ್ತಬಾರದು ಎಂಬುದನ್ನು ಅಂದು ಕಲಿತೆ. ಕಣ್ಣು ಕಾಯುವ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರುವುದೇ ಇಲ್ಲ. ಒತ್ತುವಾಗ ಕೇಸಿನ ಬಾಯಿ ನನ್ನ ಕಡೆಗೂ ಇರಬಾರದು, ಬೇರೆಯವರ ಕಡೆಗೂ ಇರಬಾರದು.

ಪ್ರೈಮರುಗಳನ್ನು ಅವು ಬಂದ ಪೆಟ್ಟಿಗೆಯಲ್ಲೇ ಇಡುತ್ತೇನೆ. ಸೀಸೆಗೆ, ಡಬ್ಬಕ್ಕೆ ಸುರಿದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ಟಿಗೆಯಲ್ಲಿ ಒಂದೊಂದೂ ಬೇರೆಬೇರೆಯಾಗಿ ಇರುವುದರಿಂದ ಒಂದು ಸಿಡಿದರೂ ಉಳಿದವಕ್ಕೆ ಬೆಂಕಿ ದಾಟುವ ಸಂಭವ ಕಡಿಮೆ, ಒಟ್ಟಿಗೆ ಸುರಿದಾಗ ಒಂದು ಸಿಡಿದರೆ ಎಲ್ಲವೂ ಸಿಡಿಯಬಹುದು. ಮನೆಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಇಡಬಾರದೆಂದು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 495 ಸಂಹಿತೆ ಹೇಳುತ್ತದೆ, ನನ್ನಲ್ಲಿ ಅದರ ಕಾಲು ಭಾಗವೂ ಇರುವುದಿಲ್ಲ. ದೊಡ್ಡ ಪಿಸ್ತೂಲಿನ ಪ್ರೈಮರಿಗೂ ದೊಡ್ಡ ರೈಫಲ್ಲಿನದಕ್ಕೂ ಅಡ್ಡಳತೆ ಒಂದೇ, ಎತ್ತರ ಮಾತ್ರ ಬೇರೆ. ಬೆರೆತರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಪೆಟ್ಟಿಗೆ. ಗ್ಯಾರಂಡಿಗೆಂದೇ ನಾನು ಕೊಳ್ಳುವುದು ಸಿಸಿಐ 34, ಸೇನೆಯ ಅರೆ ಸ್ವಯಂಚಾಲಿತ ರೈಫಲ್ಲುಗಳಿಗೆ ತಕ್ಕಂತೆ ಸುಲಭಕ್ಕೆ ಕೆರಳದ ಪ್ರೈಮರ್. 2020ರ ನಂತರದ ಪ್ರೈಮರುಗಳ ಬರಗಾಲದಲ್ಲಿ ಅದು ಸಿಗದೆ, ಮಾಮೂಲಿ ಪ್ರೈಮರ್ ಹಾಕುವ ಬದಲು ಒಂದು ಬೇಸಿಗೆ ಪೂರ್ತಿ ರೈಫಲನ್ನು ಸುಮ್ಮನೆ ಇಟ್ಟಿದ್ದೆ.

ಈಗ ನನ್ನ ಪದ್ಧತಿ ಹೀಗಿದೆ. ಊಟ ಮುಗಿಸಿ ನೆಲಮಾಳಿಗೆಗೆ ಇಳಿಯುತ್ತೇನೆ, ಫೋನು ಮೇಲೇ ಇರುತ್ತದೆ. ಐವತ್ತು ಕೇಸು, ಅದಕ್ಕಿಂತ ಹೆಚ್ಚಿಲ್ಲ. ಪ್ರತಿಯೊಂದನ್ನೂ ಕೂರಿಸಿ ತೆಗೆದ ಕೂಡಲೇ ತೋರುಬೆರಳಿನ ತುದಿಯನ್ನು ಅದರ ಹಿಂಬದಿಯ ಮೇಲೆ ಆಡಿಸುತ್ತೇನೆ. ಸಣ್ಣ ತಗ್ಗು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಮತ್ತೊಂದು ಒತ್ತು. ಕೊನೆಗೆ ಐವತ್ತನ್ನೂ ಗಾಜಿನ ಹಲಗೆಯ ಮೇಲೆ ನಿಲ್ಲಿಸಿ ಒಂದೊಂದನ್ನೇ ಮುಟ್ಟಿ ಅಲುಗಾಡಿಸಿ ನೋಡುತ್ತೇನೆ. ಪ್ರೈಮರ್ ಎದ್ದಿದ್ದರೆ ಕೇಸು ಕುಂಟು ಸ್ಟೂಲಿನ ಹಾಗೆ ತೂಗುತ್ತದೆ. ಕೈಗೆ ಸೀಸದ ಅಂಶ ಅಂಟುವುದರಿಂದ ಸೋಪು ಹಚ್ಚಿ ತೊಳೆದ ಮೇಲೇ ನೀರು ಕುಡಿಯುವುದು.

ಹೋದ ವರ್ಷ ಓಹಾಯೋದಲ್ಲೇ ಇರುವ ಕ್ಯಾಂಪ್ ಪೆರಿಯ ಗ್ಯಾರಂಡ್ ಸ್ಪರ್ಧೆಗೆ ಹೀಗೇ ತುಂಬಿದ ತೋಟಾಗಳನ್ನು ಒಯ್ದಿದ್ದೆ. ಈರೀ ಸರೋವರದ ಗಾಳಿಗೆ ಅಂಕವೇನೂ ಹೆಚ್ಚು ಬರಲಿಲ್ಲ, ಮೂವತ್ತಕ್ಕೆ ಮೂವತ್ತೂ ಹಾರಿದವು. ಊರಿಗೆ ಫೋನ್ ಮಾಡಿದಾಗ ಅಪ್ಪ ಅಂಕ ಕೇಳಲಿಲ್ಲ. ‘ಕೇಪೆಲ್ಲ ಸರಿ ಹೊತ್ತಿತಾ?’ ಎಂದು ಕೇಳಿದರು.